ಎಡಕ್ಕೆ ಗಂಡ, ಬಲಕ್ಕೆ ಮೋಡ

ನನ್ನ ಗಂಡ ಕುರಿ ಕಾಯುತ್ತಾರೆ, ನಾನು ಕನ್ನಡ ಶಾಲೆಯಲ್ಲಿ ಮಕ್ಕಳನ್ನು ಕಾಯುತ್ತೇನೆ. ಇಬ್ಬರದೂ ಒಂದೇ ಉದ್ಯೋಗ, ಆದರೆ ನನ್ನ ಕುರಿಗಳು ಹೇಳಿದ ಮಾತು ಕೇಳುತ್ತವೆ ಎಂದು ಮನೆಗೆ ಬಂದವರ ಮುಂದೆಲ್ಲ ಹೇಳಿ ಅವರು ನಗುತ್ತಾರೆ. ನಮ್ಮದು ಗಡಿಯಾಚೆಯ ಮಹಾರಾಷ್ಟ್ರದ ಜತ್ತ ತಾಲೂಕು, ಮಾಡಗ್ಯಾಳದ ಮಗ್ಗುಲಿನ ಒಂದು ವಸ್ತಿ. ಬಿಳಿ ಮೈಮೇಲೆ ಕಂದು ಮಚ್ಚೆ, ಗಿಳಿಯ ಕೊಕ್ಕಿನಂತೆ ಬಾಗಿದ ಮೂಗು, ಉದ್ದ ಕಾಲು, ಇಂಥ ಕುರಿ ನಮ್ಮ ಕಡೆ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂಬ ಜಂಬ ನಮ್ಮವರಿಗೆ. ದೀಪಾವಳಿ ಮುಗಿದ ಮೇಲೆ ಹಿಂಡು ಮನೆ ಬಿಡುತ್ತದೆ. ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿ, ಅಲ್ಲಿಂದ ಇನ್ನೊಬ್ಬರ ಹೊಲಕ್ಕೆ ಹೋಗಿ, ಮುಂಗಾರು ಹಿಡಿಯುವ ಹೊತ್ತಿಗೆ ತಿರುಗಿ ಬರುತ್ತದೆ. ನಡುನಡುವೆ ನಮ್ಮವರು ಯಾವುದಾದರೂ ಗಾಡಿ ಹಿಡಿದು ಮನೆಗೆ ಬಂದು, ಮೈ ತೊಳೆದುಕೊಂಡು, ಉಂಡು, ಮತ್ತೆ ಹೋಗುತ್ತಾರೆ.

ನಾನು ಮೊದಲಿನಿಂದಲೂ ಪುಕ್ಕಲು ಜೀವ. ಶಾಲೆಯಲ್ಲಿ ನನ್ನ ದನಿ ಕೇಳಿದರೆ ಗೋಡೆಯ ಹಲ್ಲಿಯೂ ಸುಮ್ಮನಾಗುತ್ತದೆ, ಆದರೆ ಮನೆಯ ಮಂದಿ ಹೊಸ್ತಿಲು ದಾಟಿದರೆ ಸಾಕು, ಹತ್ತು ಸಲ ಬಾಗಿಲಿಗೆ ಬಂದು ದಾರಿ ನೋಡುತ್ತೇನೆ. "ಚಿಂತಿ ಮಾಡಾಕ ಏನೂ ಇಲ್ಲಂದ್ರ, ಯಾಕ ಇಲ್ಲ ಅಂತ ಚಿಂತಿ ಮಾಡ್ತಿ ನೀ" ಎಂದು ನಮ್ಮವರು ಅಣಕಿಸುತ್ತಾರೆ. ಸುಳ್ಳಲ್ಲ. ಆದರೆ ಕುರಿ ಕಾಯುವವರ ಹೆಂಡತಿಯರಿಗೆ ಚಿಂತೆಗೆ ಬರ ಬಂದದ್ದನ್ನು ನಾನು ಕಂಡಿಲ್ಲ. ಹಿಂದಿನ ಬೇಸಿಗೆಯಲ್ಲಿ ನಮ್ಮ ನೆಂಟರ ಊರಿನ ಒಬ್ಬ ಕುರುಬ ಮಳೆಗೆ ಹೆದರಿ ಬೇವಿನ ಗಿಡದ ಕೆಳಗೆ ನಿಂತ. ಸಿಡಿಲು ಆ ಗಿಡಕ್ಕೇ ಬಡಿಯಿತು. ಅವನ ಹೆಂಡತಿಯನ್ನು ಮಾತಾಡಿಸಲು ಹೋದಾಗ ಆಕೆ ಅಳುತ್ತಿರಲಿಲ್ಲ. ಆವತ್ತು ಮಧ್ಯಾಹ್ನ ತಾನು ಏನೇನು ಮಾಡುತ್ತಿದ್ದೆ ಎಂದು ಒಂದೊಂದಾಗಿ ಹೇಳುತ್ತಿದ್ದಳು. ಜೋಳ ಹಸನು ಮಾಡುತ್ತಿದ್ದಳಂತೆ, ಪಕ್ಕದವಳ ಜೊತೆ ನಗುತ್ತಿದ್ದಳಂತೆ. ನಗುತ್ತಿದ್ದೆ ಎನ್ನುವ ಮಾತಿಗೆ ಮತ್ತೆ ಮತ್ತೆ ಬಂದು ನಿಲ್ಲುತ್ತಿದ್ದಳು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನಗೆ ಗೊತ್ತಿಲ್ಲದಂತೆ ಅವರಿಗೇನೂ ಆಗಬಾರದು ಅನ್ನಿಸಿತು. ಗೊತ್ತಾದರೆ ಏನು ಮಾಡಬೇಕೆಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ಮನೆಯಲ್ಲಿ ಒಂದು ಟ್ಯಾಬ್ ಇತ್ತು. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಮಗಳ ಅಭ್ಯಾಸಕ್ಕೆಂದು ತಂದದ್ದು. ಅವಳೀಗ ಸಾಂಗಲಿಯಲ್ಲಿ ಹಾಸ್ಟೆಲಿನಲ್ಲಿದ್ದಾಳೆ. ಹೋಗುವ ಮೊದಲು ಅದರಲ್ಲಿ ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ತೆರೆದು ಕೂಡಿಸುವುದನ್ನು ನನಗೆ ಕಲಿಸಿದಳು. ಒಂದನ್ನು ತೆರೆದು, ಕೆಳಗಿನಿಂದ ಇನ್ನೊಂದನ್ನು ಎಳೆದು ಮಗ್ಗುಲಿಗೆ ಬಿಟ್ಟರೆ, ಪರದೆ ನಡುವೆ ಸೀಳಿ ಎರಡೂ ಪಾಲು ಹಂಚಿಕೊಂಡ ಅಣ್ಣತಮ್ಮರಂತೆ ನಿಲ್ಲುತ್ತವೆ. ನಡುವಿನ ಗೆರೆಯನ್ನು ಬೆರಳಿನಿಂದ ಸರಿಸಿದರೆ ಒಬ್ಬನ ಪಾಲು ಹೆಚ್ಚು, ಇನ್ನೊಬ್ಬನದು ಕಡಿಮೆ. ಇಷ್ಟು ಬೇಗ ಇದನ್ನು ಹೇಗೆ ಕಲಿತೆ ಎಂದು ಕೇಳಿದ್ದಕ್ಕೆ, ಎಡಕ್ಕೆ ಪಾಠ, ಬಲಕ್ಕೆ ಗೆಳತಿಯರ ಹರಟೆ ಇಟ್ಟುಕೊಂಡು ಇಡೀ ವರ್ಷ ಕಳೆದೆ ಎಂದು ಹೇಳಿ ಓಡಿಹೋದಳು.

ನಾನು ಎಡಕ್ಕೆ ನಕ್ಷೆ ಇಟ್ಟೆ, ಬಲಕ್ಕೆ ಮೋಡ. ನಕ್ಷೆಯ ಆ್ಯಪ್‌ನಲ್ಲಿ ಗಂಡನ ಫೋನು ಎಲ್ಲಿದೆಯೋ ಅಲ್ಲಿ ಒಂದು ಸಣ್ಣ ದುಂಡನೆಯ ಚಿತ್ರ ಕಾಣುತ್ತಿತ್ತು. ಮದುವೆಯ ಫೋಟೋದಿಂದ ಕತ್ತರಿಸಿದ ಅವರ ಮುಖ, ರುಮಾಲಿನ ಸಮೇತ. ಮಗ್ಗುಲಲ್ಲಿ ಇದ್ದ ನನ್ನನ್ನು ಆ ದುಂಡು ಅರ್ಧ ಕಿವಿಗೆ ಕತ್ತರಿಸಿ ಹಾಕಿತ್ತು. ಬಲಗಡೆಯ ಆ್ಯಪ್‌ನಲ್ಲಿ ಮೋಡಗಳು. ಹಸಿರು ಬಣ್ಣ ಕಂಡರೆ ತುಂತುರು, ಹಳದಿ ಕಂಡರೆ ಜೋರು, ಕೆಂಪು ಕಂಡರೆ ಗುಡುಗು, ಸಿಡಿಲು, ಆಣಿಕಲ್ಲು. ಎರಡರಲ್ಲೂ ಒಂದೇ ಊರನ್ನು ಒಂದೇ ಅಳತೆಗೆ ತಂದು ನಿಲ್ಲಿಸಿದರೆ, ನನ್ನ ಗಂಡ ಎಲ್ಲಿದ್ದಾರೆ, ಮೋಡ ಎಲ್ಲಿದೆ, ಎರಡರ ನಡುವೆ ಎಷ್ಟು ದೂರವಿದೆ ಎಂಬುದು ಕಣ್ಣಿಗೆ ಸಿಗುತ್ತಿತ್ತು. ಇದನ್ನು ಕಂಡುಕೊಂಡ ದಿನ ಏನೋ ದೊಡ್ಡದು ಸಾಧಿಸಿದವಳಂತೆ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚಿಗೆ ಹಾಕಿದೆ.

ಅತ್ತೆಗೆ ಮೊದಮೊದಲು ಇದು ಸೇರಲಿಲ್ಲ. ಅವರು ಹಳೆಯ ಕಾಲದವರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಹಿಂಡನ್ನು ಬಾಯಿಬಿಟ್ಟು ಎಣಿಸಬಾರದು, ಮೇಯುವ ಕುರಿಯನ್ನು ಕಣ್ಣು ಕೀಳದೆ ನೋಡಬಾರದು. ಕುರಿ ಅವರಿಗೆ ಬರೀ ಪ್ರಾಣಿಯಲ್ಲ, ಲಕ್ಷ್ಮಿ. ಒಂದು ಮರಿ ಸತ್ತರೆ ಮನೆಯ ಕೂಸು ಹೋದಂತೆ ಹಾಡಿ ಅಳುತ್ತಾರೆ, ಆ ದಿನ ಒಲೆ ಹಚ್ಚಲು ಕೈ ಏಳುವುದಿಲ್ಲ ಅವರಿಗೆ.

"ಮನ್ಯಾಗ ಕುಂತು ಹಿಂಗ ನೋಡ್ಕೋತ ಕುಂದ್ರಬಾರದವಾ, ದೃಷ್ಟಿ ಆಗತೈತಿ" ಎಂದು ಅವರು ಮುಖ ತಿರುಗಿಸಿದರು.

"ನಾ ಕುರಿ ನೋಡಾಕತ್ತಿಲ್ರಿ ಅತ್ತಿ, ನಿಮ್ಮ ಮಗನ್ನ ನೋಡಾಕತ್ತೀನಿ" ಎಂದೆ.

"ಮಗಗ ದೃಷ್ಟಿ ಆಗೂದಿಲ್ಲೇನು?"

ಆದರೂ ಎಷ್ಟು ದಿನ ಸುಮ್ಮನಿರುತ್ತಾರೆ? ಒಂದು ಸಂಜೆ ಬಂದು ನನ್ನ ಹಿಂದೆ ನಿಂತರು. ಆಮೇಲೆ ಕುಕ್ಕರಗಾಲಲ್ಲಿ ಕೂತರು. ಮಗನ ಮುಖ ನಕ್ಷೆಯ ಮೇಲೆ ಇರುವೆಯಂತೆ ಸರಿಯುವುದನ್ನು ಕಂಡು, ಅಂಗೈಯನ್ನು ಟ್ಯಾಬಿನ ಮೇಲೆ ಸುತ್ತಿಸಿ, ಬೆರಳು ಲಟಲಟ ಮುರಿದು ದೃಷ್ಟಿ ತೆಗೆದರು. ಅಂದಿನಿಂದ ಬೆಳಿಗ್ಗೆ ಎದ್ದು ದೇವರಿಗೆ ಕೈಮುಗಿಯುವ ಮೊದಲೇ "ಎಲ್ಲಿ ಅದಾನು ನೋಡವಾ" ಎಂಬ ಮಾತು ಶುರುವಾಯಿತು. ಓದು ಬರದಿದ್ದರೂ ಬಣ್ಣಗಳನ್ನು ನನಗಿಂತ ಬೇಗ ಕಲಿತರು. ಹಳದಿ ಕಂಡರೆ "ಬಂತು ನೋಡು" ಎನ್ನುವರು. ಕೆಂಪು ಕಂಡರೆ ದೇವರ ಕಡೆ ತಿರುಗಿ ಕೈಮುಗಿಯುವರು.

ಇಬ್ಬರಿಗೂ ಅದೊಂದು ಚಟವಾಯಿತು. ಎಡಗಡೆ ಗಂಡನ ಮುಖ ಕಾಣುತ್ತಿದ್ದರೆ ರೊಟ್ಟಿ ಬಡಿಯುವ ಕೈಯಲ್ಲಿ ಬಲ ಬರುತ್ತಿತ್ತು. ಕಾಣದಿದ್ದರೆ ರೊಟ್ಟಿ ಹರಿಯುತ್ತಿತ್ತು. ಕೆಲವು ದಿನಗಳಿಂದ ಹಗಲು ನಾನು ಫೋನು ಮಾಡಿದರೆ ಅವರು ಎತ್ತುತ್ತಿರಲಿಲ್ಲ, ಬರೀ ರಿಂಗಾಗುತ್ತಿತ್ತು. ಸಂಜೆ ಕುರಿ ಕೂಡಿದ ಮೇಲೆ ತಾವಾಗಿ ಮಾಡುತ್ತಿದ್ದರು. "ಹಗಲ ಯಾಕ ಎತ್ತೂದಿಲ್ರಿ?" ಎಂದರೆ, "ಕುರಿ ಹಿಂದ ಇರ್ತೀನಿ, ಕೈ ತೆರಪಿರೂದಿಲ್ಲ" ಎನ್ನುತ್ತಿದ್ದರು. ನಾನೂ ನಂಬಿದೆ. ಮುಖವಂತೂ ಕಾಣುತ್ತಿದೆಯಲ್ಲ.

ಆವಾಗಿನಿಂದಲೇ ಆ ಮುಖದ ನಡೆಯೂ ವಿಚಿತ್ರವಾಗಿತ್ತು. ನೆಟ್ಟಗೆ ಹೋಗುತ್ತಿರಲಿಲ್ಲ. ಜಾಲಿ ಕಂಟಿ ಇದ್ದಲ್ಲಿ ಹೋಗಿ ಸುತ್ತ ತಿರುಗಿ ನಿಲ್ಲುತ್ತಿತ್ತು, ಒಂದು ತಗ್ಗಿಗೆ ಇಳಿದು ಬಹಳ ಹೊತ್ತು ಅಲ್ಲೇ ಇರುತ್ತಿತ್ತು, ಆಮೇಲೆ ಇದ್ದಕ್ಕಿದ್ದಂತೆ ಯಾರದೋ ಹೊಲದ ಬದುವಿಗೆ ಓಡುತ್ತಿತ್ತು. "ಏನ್ರಿ ಅತ್ತಿ, ನಿಮ್ಮ ಮಗ ಕಂಟಿ ಮೇಯಾಕತ್ತಾರೇನು?" ಎಂದು ನಾನು ನಕ್ಕರೆ, "ಸಣ್ಣಾಂವ ಇದ್ದಾಗಿಂದ ಹಂಗ ಅಂವ, ಒಂದು ಕಡೆ ನಿಲ್ಲಾಂವ ಅಲ್ಲ" ಎಂದು ಅತ್ತೆ ಅಭಿಮಾನದಿಂದ ಹೇಳಿದರು.

ಆ ದಿನ ಬೇಸಿಗೆ ರಜೆ, ನಾನು ಮನೆಯಲ್ಲೇ ಇದ್ದೆ. ಮುಂಗಾರಿಗಿಂತ ಮೊದಲು ಬರುವ ಅಡ್ಡಮಳೆಯ ಕಾಲ. ಬೆಳಿಗ್ಗೆಯಿಂದ ಗಾಳಿ ಸತ್ತುಹೋಗಿತ್ತು, ತಗಡಿನ ಕೆಳಗೆ ಕೂಡಲಾಗುತ್ತಿರಲಿಲ್ಲ. ಹಿಂಡು ದರಿಬಡಚಿಯ ಕಡೆ ಇತ್ತು. ಜೊತೆಗೆ ನಮ್ಮವರ ಕಾಕಾ, ಅಂದರೆ ತೀರಿಕೊಂಡ ನನ್ನ ಮಾವನ ತಮ್ಮ ಇದ್ದರು. ಅವರ ಹತ್ತಿರ ಒಂದು ಗುಂಡಿಯ ಫೋನು, ಮಾತಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬಾರದ್ದು.

ಮಧ್ಯಾಹ್ನದ ಊಟ ಮುಗಿಸಿ ಟ್ಯಾಬ್ ತೆರೆದೆ. ಬಲಗಡೆ ಪಡುವಣದಲ್ಲಿ ಒಂದು ಹಸಿರು ಚುಕ್ಕೆ ಇತ್ತು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಅದು ಹಳದಿಯಾಗಿ ಹರಡಿತ್ತು, ಹೊಟ್ಟೆಯಲ್ಲಿ ಕೆಂಪು ಕಾಣುತ್ತಿತ್ತು. ಎಡಗಡೆ ನೋಡಿದೆ. ಗಂಡನ ಮುಖ ಹಳ್ಳದಲ್ಲಿತ್ತು. ಹಳ್ಳವೆಂದರೆ ವರ್ಷವಿಡೀ ಒಣಗಿದ ಉಸುಕು, ಆದರೆ ಮೇಲೆ ಎಲ್ಲೋ ಮಳೆ ಸುರಿದರೆ ಹೇಳದೆ ಕೇಳದೆ ನೀರು ನುಗ್ಗಿಬಿಡುತ್ತದೆ. ಕೈ ಒರೆಸಿಕೊಂಡು ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಅತ್ತೆ ಬಂದು ಕೂತರು. ಬಲಗಡೆಯ ಕೆಂಪನ್ನು ನೋಡಿ ಸೆರಗು ಬಾಯಿಗೆ ಹಿಡಿದರು.

"ಹಳ್ಳದಾಗ ಅದಾನೇನು?"

"ಹೂನ್ರಿ."

"ಫೋನ್ ಎತ್ತವಲ್ನೇನು?"

"ಎತ್ತವಲ್ರು."

ನಾನು ಟ್ಯಾಬಿಗೇ ಬೈಯತೊಡಗಿದೆ. ಏಳ್ರಿ, ಮೇಲೆ ಏಳ್ರಿ, ಅಲ್ಲಿ ಏನು ಹೂಳಿಟ್ಟೀರಿ ನೀವು, ಆಕಾಶ ಕಾಣುವುದಿಲ್ಲವೇ ನಿಮಗೆ. ನನ್ನ ಬೈಗುಳ ಕೇಳಿತೋ ಎಂಬಂತೆ ಮುಖ ಅಲುಗಿತು. ಹಳ್ಳದ ದಂಡೆ ಹತ್ತಿತು. ಎಂದೂ ಕಾಣದ ಅವಸರದಲ್ಲಿ, ಓಡುತ್ತ, ಆಚೆಯ ದಿಬ್ಬದ ಕಡೆ, ಕರೆಂಟು ತೆಗೆಯುವ ಗಾಳಿಯ ಪಂಕಗಳು ನಿಂತ ಎತ್ತರದ ಕಡೆ ಹೋಯಿತು. ಅಲ್ಲಿ ಪಂಕದ ಬುಡಕ್ಕೆ ಕಟ್ಟಿದ ಒಂದು ಕೋಣೆ ಇರುವುದು ನನಗೆ ಗೊತ್ತಿತ್ತು. ಮುಖ ಅದರ ಮಗ್ಗುಲಲ್ಲೇ ಹೋಗಿ ನಿಂತಿತು. ಅದೇ ಹೊತ್ತಿಗೆ ಬಲಗಡೆಯ ಕೆಂಪು ಹಳ್ಳದ ಮೇಲೆ ಬಂದಿತು.

"ಪಾರಾದರ್ರಿ ಅತ್ತಿ" ಎಂದೆ. ಅತ್ತೆ ಗೋಡೆಗೆ ಒರಗಿ, ಮಗನ ಮುಖಕ್ಕೆ ದೂರದಿಂದಲೇ ಬೆರಳು ಮುರಿದರು. ನಾನು ಎದ್ದು ಚಹಾ ಇಟ್ಟೆ. ಶುಂಠಿ ಜಜ್ಜುತ್ತ ಸುಮ್ಮನೆ ನಗುತ್ತಿದ್ದೆ. ಎರಡು ಆ್ಯಪ್ ಮಗ್ಗುಲು ಮಗ್ಗುಲಿಗೆ ಇಟ್ಟವಳ ಬುದ್ಧಿಯನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ.

ಚಹಾ ಸೋಸುವಾಗ ಫೋನು ಬಂತು. ಕಾಕಾ. ಹಿಂದೆ ತಗಡಿನ ಮೇಲೆ ಕಲ್ಲು ಸುರಿದಂಥ ಸಪ್ಪಳ.

"ಯವ್ವಾ, ಆಣಿಕಲ್ಲ ಬೀಳಾಕತ್ತಾವು. ನಾ ಒಬ್ಬರ ಹೊಲದ ಗುಡಸಲದಾಗ ನಿಂತೀನಿ. ಕುರಿ ಎಲ್ಲಾ ಚದರ್ಯಾವು. ಅಂವ ಯಾರದರ ಫೋನಿಂದ ನಿನಗ ಮಾತಾಡಿದ್ನೇನು?"

"ಇಲ್ರಿ ಕಾಕಾ. ಅವರು ಪಂಕದ ಕೋಲಿ ಹಂತ್ಯಾಕ ಅದಾರ. ನನಗ ಕಾಣತೈತಿ ಇಲ್ಲಿ."

ಸಪ್ಪಳದ ನಡುವೆ ಕಾಕಾ ದನಿ ಎತ್ತರಿಸಿದರು. "ಪಂಕದ ಹಂತ್ಯಾಕ? ಅಂವ ಹಳ್ಳಕ್ಕ ಹೋಗ್ಯಾನವಾ. ಮರಿ ಈಯಾಕಂತ ಒಂದು ಕುರಿ ಹಿಂದ ಉಳಿದಿತ್ತು, ಅದನ್ನ ತರತೀನಿ ಅಂತ ತಿರಗಿ ಹೋದ."

"ಇಲ್ರಿ, ಅವರ ಫೋನ್ ಇಲ್ಲೇ…"

"ಫೋನ್ ಅವನ ಹಂತ್ಯಾಕ ಎಲ್ಲೈತಿ? ಟಗರಿನ ಕೊಳ್ಳಾಗ ಕಟ್ಯಾನ."

ಮುಂದಿನ ಟಗರು ಎತ್ತ ಹೋದರೆ ಹಿಂಡು ಅತ್ತ ಹೋಗುತ್ತದೆ, ಹಿಂಡು ಚದುರಿದರೂ ಟಗರು ನಿಂತಲ್ಲಿಗೆ ಬಂದು ಕೂಡುತ್ತದೆ. ಕುರಿ ಕಾಯುವವರಿಗೆ ಇದು ಕೂಸಿದ್ದಾಗಿನಿಂದ ಗೊತ್ತಿರುವ ಮಾತು. ಟಗರಿನ ಜಾಗ ಗೊತ್ತಿದ್ದರೆ ಹಿಂಡಿನ ಜಾಗ ಗೊತ್ತಾದಂತೆ, ಮನೆಯಲ್ಲಿ ಹೆಂಡತಿ ಹೇಗೂ ಹಗಲೆಲ್ಲ ಕಣ್ಣು ನೆಟ್ಟು ಕೂತಿರುತ್ತಾಳೆ, ಕುರಿ ತಪ್ಪಿದರೆ ಕಾಕಾನ ಫೋನಿನಿಂದ ಅವಳನ್ನು ಕೇಳಿದರಾಯಿತು ಎಂದು ನಮ್ಮವರು ಲೆಕ್ಕ ಹಾಕಿ, ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಂಟೆಯ ಪಟ್ಟಿಗೆ ಹೊಲಿದು, ಬೆಳಿಗ್ಗೆ ಕಟ್ಟಿ ಸಂಜೆ ಬಿಚ್ಚುತ್ತಿದ್ದರಂತೆ. ನನಗೆ ಹೇಳಿರಲಿಲ್ಲ. ಹೇಳಿದ್ದರೆ ಜಗಳ ತೆಗೆಯುತ್ತಿದ್ದೆ, ಅದೂ ಅವರಿಗೆ ಗೊತ್ತಿತ್ತು. ಇತ್ತೀಚಿನ ಇಷ್ಟೂ ದಿನ ನಾನು ನೋಡಿ ನೋಡಿ ಧೈರ್ಯ ತಂದುಕೊಂಡದ್ದು, ಅತ್ತೆ ದೃಷ್ಟಿ ತೆಗೆದದ್ದು, ಎಲ್ಲ ಟಗರಿಗೆ. ಕಂಟಿ ಮೇಯುತ್ತಿದ್ದದ್ದೂ ನಿಜವಾಗಿ ಟಗರೇ.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಆಗ ಮಾತ್ರ ಟ್ಯಾಬನ್ನು ಎತ್ತಿ ಗೋಡೆಗೆ ಬೀಸಬೇಕು ಅನ್ನಿಸಿತು. ಬಲಗಡೆ ಕೆಂಪು ಹಳ್ಳದ ಮೇಲೆ ಹಾಗೇ ನಿಂತಿತ್ತು. ಎಡಗಡೆ ಅದೇ ಹಳ್ಳ, ಖಾಲಿ ನೀಲಿ ಗೆರೆ. ಅದರೊಳಗೆ ಎಲ್ಲೋ ನನ್ನ ಗಂಡ, ಚುಕ್ಕೆ ಇಲ್ಲದೆ, ಮುಖ ಇಲ್ಲದೆ. ನಾನು ಅತ್ತೆಗೆ ಹೇಳಿದೆ. ಹೇಗೆ ಹೇಳಿದೆನೋ ಈಗ ನೆನಪಿಲ್ಲ. ಅವರು ದುಂಡನೆಯ ಆ ಮುಖದ ಕಡೆ ಕೈ ಮಾಡಿ, "ಹಂಗಾರ ಇದು ಅಂವ ಅಲ್ಲೇನು?" ಎಂದು ಮಾತ್ರ ಕೇಳಿದರು.

ಆಮೇಲಿನ ಹೊತ್ತು ಎಷ್ಟೆಂದು ನನಗೆ ಗೊತ್ತಿಲ್ಲ. ಕಾಕಾಗೆ ಫೋನು ಹಚ್ಚಿದರೆ ಹತ್ತುತ್ತಿರಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ನಮ್ಮ ಅಂಗಳದಲ್ಲಿ ಒಂದು ಹನಿಯೂ ಇರಲಿಲ್ಲ, ಬಿಸಿಲು ಹಾಗೇ ಇತ್ತು. ಪಕ್ಕದ ಮನೆಯಾಕೆ ಹಪ್ಪಳ ಒಣಗಲು ಹಾಕಿ, ಬೇಲಿಯ ಆಚೆಯಿಂದ ಏನೋ ಹೇಳಿ ನಕ್ಕಳು. ನನಗೆ ಆ ಸತ್ತ ಕುರುಬನ ಹೆಂಡತಿ ನೆನಪಾದಳು. ಆಕೆಗೆ ಗೊತ್ತಿರಲಿಲ್ಲ, ಅದಕ್ಕೇ ನಕ್ಕಳು. ನನಗೆ ಎಲ್ಲ ಗೊತ್ತಿದೆ, ಮೋಡದ ಬಣ್ಣದ ಸಮೇತ ಗೊತ್ತಿದೆ, ಆದರೂ ಬಾಗಿಲಲ್ಲಿ ಕಂಬ ಹಿಡಿದು ನಿಲ್ಲುವುದನ್ನು ಬಿಟ್ಟು ನನ್ನ ಕೈಯಲ್ಲಿ ಏನೂ ಇಲ್ಲ. ಗೊತ್ತಿಲ್ಲದೆ ಇರುವುದೇ ವಾಸಿಯೇನೋ ಎಂದು ನನ್ನ ಜೀವಮಾನದಲ್ಲಿ ಮೊದಲ ಸಲ ಅನ್ನಿಸಿತು. ಅತ್ತೆ ದೇವರ ಮುಂದೆ ಹೋಗಿ ಕೂತು ಅರಿಶಿನ ಭಂಡಾರದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಹಣೆಗೆ ಹಚ್ಚಿಕೊಳ್ಳುವುದನ್ನೂ ಮರೆತು.

ಫೋನು ಬಂದಾಗ ಕಾಕಾನ ನಂಬರು. ಎತ್ತಿದೆ. ನಮ್ಮವರ ದನಿ.

"ಏ, ನಾನು."

ಅತ್ತೆಗೆ ಕೈ ಮಾಡಿ ಕರೆದೆ. ಫೋನು ಕಿವಿಗೆ ಒತ್ತಿಕೊಂಡು ಟ್ಯಾಬಿನ ಮುಂದೆ ಬಂದು ಕೂತೆ. ಹಲ್ಲು ಕಟಕಟ ಕಡಿಯುವ ಸಪ್ಪಳ ಅತ್ತಲಿಂದ ಕೇಳುತ್ತಿತ್ತು. ಈದ ಕುರಿಯನ್ನೂ ಮರಿಯನ್ನೂ ಹೊತ್ತು ಗುಡಿಸಲಿಗೆ ಬಂದಿದ್ದರಂತೆ. ಹಳ್ಳದಲ್ಲಿ ನೀರು ಬರುವುದಕ್ಕೂ ಅವರು ದಂಡೆ ಹತ್ತುವುದಕ್ಕೂ ಸರಿಯಾಯಿತಂತೆ. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ ಅವರು, "ಟ್ಯಾಬ್ ಮುಂದ ಐತೇನು? ಟಗರ ಎಲ್ಲೈತಿ ನೋಡು. ಲಗೂನ. ಆಣಿಕಲ್ಲ ನಿಂತಾವು, ಈಗ ಹೋದ್ರ ಕೂಡಸ್ತೀನಿ" ಎಂದರು.

ಹೇಗಿದ್ದೀ ಎಂದಿಲ್ಲ, ಹೆದರಿದೆಯಾ ಎಂದಿಲ್ಲ. ಸಿಟ್ಟು ನೆತ್ತಿಗೇರಿತು. ಆದರೂ ಅಭ್ಯಾಸಬಲದಿಂದ ಟ್ಯಾಬನ್ನು ತೊಡೆಯ ಮೇಲೆ ಎಳೆದುಕೊಂಡೆ.

ಎಡಗಡೆ ಟಗರು, ಅಂದರೆ ನನ್ನ ಗಂಡನ ಮುಖ, ಪಂಕಗಳ ದಿಬ್ಬದ ಮೇಲೆ ಅಲ್ಲೇ ಇತ್ತು. ಸ್ವಚ್ಛ ಕಾಣುತ್ತಿತ್ತು. ಗುಡಿಸಲಿನಿಂದ ಅಲ್ಲಿಗೆ ಹೋಗಲು ನಡುವೆ ಬೋಳು ಮಾಳ, ಮೊಣಕಾಲೆತ್ತರದ ಗಿಡವೂ ಇಲ್ಲದ್ದು. ಅಂಥ ಬಯಲಿನಲ್ಲಿ ಹೆಗಲ ಮೇಲೆ ಕೊಡಲಿ, ಕೈಯಲ್ಲಿ ಬಡಿಗೆ ಹಿಡಿದು ನಡೆಯುವ ಮನುಷ್ಯನೇ ಎಲ್ಲಕ್ಕಿಂತ ಎತ್ತರ. ಬಲಗಡೆ ನೋಡಿದೆ. ಮೊದಲಿನ ಕೆಂಪು ಮೂಡಣಕ್ಕೆ ಸರಿದಿತ್ತು. ಅದರ ಹಿಂದೆ ಪಡುವಣದಿಂದ ಇನ್ನೊಂದು ಬರುತ್ತಿತ್ತು, ಮೊದಲಿನದಕ್ಕಿಂತ ದೊಡ್ಡದು, ನಡುವೆ ಕಪ್ಪಿಗೆ ತಿರುಗಿದ ಕೆಂಪು. ಅದು ಹೊರಟದ್ದು ಆ ಮಾಳದ ಮೇಲಕ್ಕೇ.

"ಕಾಣತೈತೇನು?" ಎಂದರು.

ಇನ್ನೊಂದು ಮಳೆ ಬರುತ್ತಿದೆ, ಹೋಗಬೇಡಿ ಎಂದು ಹೇಳಬಹುದಿತ್ತು. ನನಗೆ ನನ್ನ ಗಂಡ ಗೊತ್ತು. ಮಳೆ ಬರುವ ಮೊದಲೇ ಮುಟ್ಟುತ್ತೇನೆ ಎಂದು ಇನ್ನೂ ಜೋರಾಗಿ ಓಡುತ್ತಿದ್ದರು. ಹಿಂಡು ಬಯಲಲ್ಲಿದೆ ಎಂದು ಗೊತ್ತಾದ ಮೇಲೆ ಅವರನ್ನು ಕಟ್ಟಿಹಾಕುವ ಹಗ್ಗ ಈ ಭೂಮಿಯ ಮೇಲಿಲ್ಲ.

"ಕಾಣವಲ್ದುರಿ" ಎಂದೆ.

"ಸಮ ನೋಡು."

"ನೋಡೀನ್ರಿ. ರೇಂಜ್ ಹೋಗೈತಿ. ಬರೇ ಗರಗರ ತಿರಗಾಕತ್ತೈತಿ."

ಹದಿನಾರಾಣೆ ಸುಳ್ಳು ಹೇಳುವಾಗ ನನ್ನ ದನಿ ಸಣ್ಣಗಾಗುತ್ತದೆ ಎಂಬುದು ಅವರಿಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು.

"ಯವ್ವನ ಕಡೆ ಕೊಡು" ಎಂದರು.

ಅತ್ತೆ ಭಂಡಾರದ ಬಟ್ಟಲು ಬಿಟ್ಟು ಬಂದು ಆಗಲೇ ನನ್ನ ಮಗ್ಗುಲಲ್ಲಿ ಕೂತಿದ್ದರು. ಕುರಿಯ ವಿಷಯದಲ್ಲಿ ಅವರು ಸುಳ್ಳು ಹೇಳುವುದೆಂದರೆ ದೇವರ ಮುಂದೆ ಎಂಜಲು ಇಟ್ಟಂತೆ. ಅದು ನನಗೂ ಗೊತ್ತು, ಮಗನಿಗೂ ಗೊತ್ತು, ಅದಕ್ಕೇ ಕೇಳಿದ್ದು. ಸ್ಪೀಕರ್ ಹಚ್ಚಿದೆ.

"ಯವ್ವಾ, ನೀ ನೋಡು. ನನ್ನ ಮಾರಿ ಕಾಣತೈತೇನು ಅದರಾಗ?"

ಅತ್ತೆ ಎಡಗಡೆ ನೋಡಿದರು. ಮುಖ ಅಲ್ಲೇ ಇತ್ತು, ರುಮಾಲಿನ ಸಮೇತ. ಬಲಗಡೆ ನೋಡಿದರು. ಕೆಂಪು ನೋಡಿದರು. ನಿಧಾನಕ್ಕೆ ಕೈ ಚಾಚಿ, ಅಂಗೈಯನ್ನು ಮಗನ ಮುಖದ ಮೇಲೆ ಒತ್ತಿ ಇಟ್ಟರು.

"ಇಲ್ಲಪಾ" ಎಂದರು. "ನಿನ್ನ ಮಾರಿ ಕಾಣವಲ್ದು."

ಅತ್ತಲಿಂದ ಉಸಿರು ಬಿಟ್ಟ ಸಪ್ಪಳ ಕೇಳಿತು. "ಕಂಡ ಕೂಡಲೇ ಹೇಳ್ರಿ" ಎಂದು ಫೋನಿಟ್ಟರು.

ಆಮೇಲೆ ನಾವಿಬ್ಬರೂ ಕಣ್ಣಾರೆ ಕಂಡೆವು. ಕೆಂಪು ಮಾಳದ ಮೇಲೆ ಬಂತು, ದಿಬ್ಬದ ಮೇಲೆ ಬಂತು, ಟಗರು ನಿಂತ ಜಾಗವನ್ನು ನುಂಗಿತು. ಅದು ಹಿಂಡಿನ ಮೇಲೆ ಸುರಿಯುವುದನ್ನು, ಸುಳ್ಳು ಹೇಳಿ ಮಗನನ್ನು ತಡೆದ ತಾಯಿ ರೆಪ್ಪೆ ಬಡಿಯದೆ ನೋಡಿದರು. ನಾನು ಟ್ಯಾಬ್ ಮುಚ್ಚುತ್ತೇನೆ ಎಂದರೆ ಬೇಡ ಎಂದರು. ಮೋಡ ದಾಟಿ ಹಸಿರು ಮಾತ್ರ ಉಳಿದ ಮೇಲೆ ಅವರೇ ಹೇಳಿದರು: "ಈಗ ಹೇಳು."

ಫೋನು ಹಚ್ಚಿ, ಕಾಣಿಸಿತು, ಪಂಕದ ದಿಬ್ಬದ ಮೇಲೆ ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅವರು ಓಡಿದ್ದರು.

ಟಗರು ಉಳಿದಿತ್ತು, ಅದರ ಸುತ್ತ ದೊಡ್ಡ ಕುರಿಗಳೂ ಉಳಿದಿದ್ದವು. ಎಳೆಯ ಮರಿಗಳು ಆಣಿಕಲ್ಲಿನ ಪೆಟ್ಟಿಗೆ ಅಲ್ಲಲ್ಲೇ ಬಿದ್ದಿದ್ದವು. ಅವರು ಮನೆಗೆ ಬಂದದ್ದು ಎರಡು ದಿನ ಬಿಟ್ಟು, ಮರಿಗಳನ್ನು ಅಲ್ಲೇ ಮಣ್ಣು ಮಾಡಿ. ಮುಖ ಇಳಿದಿತ್ತು. ಕೈ ತೊಳೆದು ತಾಟಿನ ಮುಂದೆ ಕೂತರು. ಅತ್ತೆ ರೊಟ್ಟಿಯ ಮೇಲೆ ಬೆಣ್ಣೆ ಹಾಕಿದರು. ತುತ್ತು ಮುರಿದು ಹಾಗೇ ಕೈಯಲ್ಲಿ ಹಿಡಿದು ಅವರು ಹೇಳಿದರು:

"ಇನ್ನೊಂದೀಟ ಮೊದಲ ಕಂಡಿದ್ರ, ಎಲ್ಲಾ ಆ ಕೋಲಿಯೊಳಗ ಹಾಕ್ತಿದ್ನಿ. ಮರಿ ಉಳೀತಿದ್ವು ಯವ್ವಾ."

ನಾನು ಒಲೆಯ ಕಡೆ ತಿರುಗಿದೆ.

"ಮರಿ ಮತ್ತ ಹುಟ್ಟತಾವ" ಎಂದರು ಅತ್ತೆ. "ಉಣ್ಣು ನೀ."

ಅವರು ತಲೆಯೆತ್ತಿ ತಾಯಿಯನ್ನು ನೋಡಿದರು. ಒಂದು ಮರಿ ಸತ್ತರೆ ಓಣಿಗೆಲ್ಲ ಕೇಳುವಂತೆ ಅಳುವ ತಾಯಿಯ ಬಾಯಲ್ಲಿ ಇಂಥ ಮಾತನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಆಮೇಲೆ ನನ್ನನ್ನು ನೋಡಿದರು. ತಲೆ ಬಗ್ಗಿಸಿ ಉಣ್ಣತೊಡಗಿದರು.

ಅತ್ತೆ ಎದ್ದು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ. ಮರಿ ಕಟ್ಟುವ ಗೂಟಗಳ ಹತ್ತಿರ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಸಪ್ಪಳವಾಗದಂತೆ ಅಳುತ್ತಿದ್ದರು. ನಾನು ಮಗ್ಗುಲಲ್ಲಿ ಕೂತೆ.

"ತಪ್ಪು ಮಾಡಿದ್ವೇನವಾ?"

"ಇಲ್ರಿ ಅತ್ತಿ."

"ಲಕ್ಷ್ಮಿ ಇದ್ದಂಗ ಇದ್ವು."

"ಹೂನ್ರಿ."

ಒಳಗಿನಿಂದ ನಮ್ಮವರು ಇನ್ನೊಂದು ರೊಟ್ಟಿ ಕೇಳಿದರು. ನಾವಿಬ್ಬರೂ ಒಮ್ಮೆಲೇ ಎದ್ದೆವು.